ಹಾರ್ಟ್‌ಫೆಲ್ಟ್ ಅಂದರೆ ಯಾರ ಹಾರ್ಟು?

ಈ ಸಲದ ಬರಹ ಶುರುವಾಗಿದ್ದು ಒಂದು ಸಣ್ಣ ವಾಟ್ಸಾಪ್ ಮೆಸೇಜಿನಿಂದ. ಬರೀಬೇಕಾಗಿದ್ದವನು ನಾನಲ್ಲ, ನಮ್ಮ ಸ್ನೇಹಿತರ ಮಗಳು. ಹದಿನೈದು ವರ್ಷದ ಹುಡುಗಿ. ಹುಟ್ಟಿ ಬೆಳೆದದ್ದೆಲ್ಲ ದುಬೈನಲ್ಲೇ. ಮನೆಯಲ್ಲಿ ಕನ್ನಡ ಮಾತಾಡ್ತಾಳೆ. ಬರೆಯೋದು, ಓದೋದು ಮಾತ್ರ ಈಚೆಗೆ ವಾರಾಂತ್ಯದ ಕನ್ನಡ ಕ್ಲಾಸಿಗೆ ಹೋಗಿ ಕಲಿತದ್ದು.

ಅವಳಮ್ಮನ ದೊಡ್ಡಮ್ಮ, ಅಂದರೆ ಇವಳಿಗೆ ಒಬ್ಬ ಅಜ್ಜಿ, ಊರಲ್ಲಿ ತೀರಿಕೊಂಡಿದ್ದರು. ಆ ಅಜ್ಜಿಯ ಮಗ ಇವಳಿಗೆ ಮಾವ ಆಗಬೇಕು. "ಮಾವನಿಗೆ ಒಂದು ಮೆಸೇಜ್ ಹಾಕು, ಕನ್ನಡದಲ್ಲೇ ಹಾಕು, ಖುಷಿ ಪಡ್ತಾರೆ" ಅಂತ ಅವಳಮ್ಮ ಹೇಳಿ ಅಡುಗೆಮನೆಗೆ ಹೋದರು. ನಾನು ಅವತ್ತು ಅವರ ಮನೆಯಲ್ಲೇ ಇದ್ದೆ. ಹುಡುಗಿ ಫೋನ್ ಹಿಡ್ಕೊಂಡು ನನ್ನ ಹತ್ತಿರ ಬಂದಳು.

"ಅಂಕಲ್, ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್ ಅನ್ನೋದನ್ನ ಕನ್ನಡದಲ್ಲಿ ಹೇಗೆ ಬರೀಬೇಕು?"

ನಾನು ಎಲ್ಲ ಗೊತ್ತಿರೋನ ಹಾಗೆ "ಹೃತ್ಪೂರ್ವಕ ಸಂತಾಪ" ಅಂದೆ. ಅವಳು ಟೈಪ್ ಮಾಡೋಕೆ ಹೋಗಿ ಅರ್ಧಕ್ಕೆ ನಿಂತಳು.

"ಆದ್ರೆ ಅಂಕಲ್, ಆ ಅಜ್ಜೀನ ನಾನು ನೋಡಿರೋದೇ ಎರಡು ಸಲ. ನಂಗೇನೂ ಫೀಲ್ ಆಗ್ತಿಲ್ಲ. ಫೀಲ್ ಆಗದೇ ಹಾರ್ಟ್‌ಫೆಲ್ಟ್ ಅಂತ ಬರೆದ್ರೆ ಸುಳ್ಳಲ್ವಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಹಾಗೆಲ್ಲ ಯೋಚಿಸಬಾರದು, ಬರೆದುಬಿಡು" ಅನ್ನಬಹುದಿತ್ತು. ನಾವು ದೊಡ್ಡವರು ಹೇಳೋದೇ ಹಾಗೆ. ಆದರೆ ಪ್ರಶ್ನೆ ನ್ಯಾಯವಾದದ್ದು. ಮನೆಗೆ ಬರುವಾಗ ಶೇಖ್ ಜಾಯೆದ್ ರೋಡಿನಲ್ಲಿ ಕಾರು ಓಡಿಸ್ತಾ ಅದನ್ನೇ ಯೋಚಿಸ್ತಿದ್ದೆ. ಆ ಯೋಚನೆಯೇ ಈ ಬರಹ.

ಪದದ ಒಳಗೇನಿದೆ

ಹಾರ್ಟ್ ಅಂದರೆ ಹೃದಯ, ಫೆಲ್ಟ್ ಅಂದರೆ ಅನುಭವಿಸಿದ್ದು. ಎರಡೂ ಬಹಳ ಹಳೆಯ ಇಂಗ್ಲಿಷ್ ಪದಗಳು. ಎರಡೂ ಸೇರಿ ಒಂದೇ ಪದವಾಗಿ ಪುಸ್ತಕಗಳಲ್ಲಿ ಕಾಣಿಸಿದ್ದು ಮಾತ್ರ 18ನೇ ಶತಮಾನದಲ್ಲಿ. ಅಲೆಕ್ಸಾಂಡರ್ ಪೋಪ್ ಅನ್ನುವ ಕವಿ 1730ರ ದಶಕದಲ್ಲಿ ಬರೆದ ಒಂದು ಪ್ರಸಿದ್ಧ ಕವಿತೆಯಲ್ಲಿ ಇದನ್ನು ಬಳಸಿದ್ದಾನೆ. ಅಲ್ಲಿ ಅದು ಸಂತೋಷದ ಜೊತೆ ಬರುತ್ತದೆ. ಇವತ್ತು ಅದೇ ಪದ ಥ್ಯಾಂಕ್ಸ್, ಕ್ಷಮೆ, ಸಂತಾಪ, ಮೂರಕ್ಕೂ ಅಂಟಿಕೊಂಡಿದೆ. ಫೋನಿನಲ್ಲಿ ಮೊದಲ ನಾಲ್ಕು ಅಕ್ಷರ ಒತ್ತಿದರೆ ಉಳಿದದ್ದನ್ನು ಕೀಬೋರ್ಡೇ ತುಂಬಿಸಿಕೊಡುತ್ತದೆ.

ಇಂಗ್ಲಿಷಿನಲ್ಲಿ ಇಂಥ ಪದಗಳು ಬೇಕಾದಷ್ಟಿವೆ. ‘ಡೀಪ್’ ಅಂದರೆ ಆಳ ಎಷ್ಟು ಅಂತ ಹೇಳಿದ ಹಾಗೆ. ‘ಸಿನ್ಸಿಯರ್’ ಅಂದರೆ ಇದರಲ್ಲಿ ಮೋಸ ಇಲ್ಲ ಅಂತ. ‘ಹಾರ್ಟ್‌ಫೆಲ್ಟ್’ ಅವೆರಡಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಸಾಕ್ಷಿ ಹೇಳುತ್ತದೆ: ಇದು ನನ್ನ ಎದೆಯೊಳಗೆ ಆಗಲೇ ಆಗಿಹೋಗಿದೆ, ಆಮೇಲಷ್ಟೇ ನಿನಗೆ ಹೇಳ್ತಿದ್ದೀನಿ ಅಂತ. ಹುಡುಗಿಗೆ ಇರಿಸುಮುರಿಸು ಆದದ್ದು ಈ ಸಾಕ್ಷಿಯ ಭಾಗದಲ್ಲೇ. ಆಗದೇ ಇರೋದಕ್ಕೆ ಸಾಕ್ಷಿ ಹೇಳೋದು ಹೇಗೆ?

ಈಗ ನಾನು ಹೇಳಿಕೊಟ್ಟ ಪದ ನೋಡಿ. ‘ಹೃತ್’ ಅಂದರೆ ಹೃದಯ. ‘ಪೂರ್ವಕ’ ಅಂದರೆ ಮುಂದಿಟ್ಟುಕೊಂಡು. ಹೃದಯ ಮುಂದೆ, ಮಾತು ಹಿಂದೆ. ಸಂಸ್ಕೃತದಿಂದ ಬಂದ ಈ ಪದವನ್ನು ನಾವು ಹೆಚ್ಚಾಗಿ ಕೇಳೋದು ವೇದಿಕೆ ಮೇಲೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಿರೂಪಕರು "ತಮಗೆಲ್ಲರಿಗೂ ಹೃತ್ಪೂರ್ವಕ ಸ್ವಾಗತ" ಅಂತಾರೆ. ಕೊನೆಯಲ್ಲಿ ವಂದನಾರ್ಪಣೆಗೆ "ಹೃತ್ಪೂರ್ವಕ ಧನ್ಯವಾದ" ಇದ್ದೇ ಇರುತ್ತದೆ. ಸಾವಿಗೆ ನಮ್ಮ ರೂಢಿ ಬೇರೆ. ಪತ್ರಿಕೆಯಲ್ಲಿ ‘ತೀವ್ರ ಸಂತಾಪ’, ಊರಿನ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಅದಕ್ಕೇ ‘ಹೃತ್ಪೂರ್ವಕ ಸಂತಾಪ’ ಅಂದಾಗ ಸಾವಿನ ಮನೆಗೆ ಹಾರ ತುರಾಯಿ ಹಿಡ್ಕೊಂಡು ಹೋದ ಹಾಗೆ ನನ್ನ ಕಿವಿಗೇ ಕೇಳಿಸಿತು.

ನಮ್ಮ ಅಜ್ಜಿಯ ಬಾಯಲ್ಲಿ ಇದ್ಯಾವುದೂ ಬಂದಿದ್ದಿಲ್ಲ. ಯಾರದೋ ಸಾವಿನ ಸುದ್ದಿ ಬಂದರೆ "ಕರುಳು ಚುರುಕ್ ಅಂತು ಕಣಪ್ಪಾ" ಅಂತಿದ್ದರು. ಕನ್ನಡದಲ್ಲಿ ದೊಡ್ಡ ಭಾವನೆಗಳು ಎದೆಗಿಂತ ಸ್ವಲ್ಪ ಕೆಳಗೆ ವಾಸ ಮಾಡ್ತವೆ. ತಾಯಿ ಅಂದರೆ ಹೆತ್ತ ಕರುಳು. ರಕ್ತಸಂಬಂಧ ಅಂದರೆ ಕರುಳಬಳ್ಳಿ. ಅಸೂಯೆಗೆ ಹೊಟ್ಟೆಕಿಚ್ಚು. ಕ್ಷಮೆ ಕೇಳೋದಾದರೂ "ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ" ಅಂತಲೇ.

ನಾವಿರುವ ನಾಡಿನ ಭಾಷೆಯೂ ಇದಕ್ಕೆ ದೂರವಲ್ಲ. ಅರಬ್ಬಿಯಲ್ಲಿ ದಯೆಗೆ ‘ರಹ್ಮ’ ಅಂತಾರೆ. ತಾಯಿಯ ಗರ್ಭಕ್ಕೆ ‘ರಹಿಮ್’. ಎರಡಕ್ಕೂ ಮೂಲ ಒಂದೇ. ಯಾರಾದರೂ ತೀರಿಕೊಂಡಾಗ ಇಲ್ಲಿಯವರು ಹೇಳುವ "ಅಲ್ಲಾಹ್ ಯರ್ಹಮುಹು" ಅನ್ನುವ ಮಾತಿನಲ್ಲೂ ಅದೇ ಮೂಲ ಇದೆ. ದೇವರು ಅವರ ಮೇಲೆ ದಯೆ ಇಡಲಿ ಅಂತ ಅರ್ಥ. ಗಮನಿಸಿ, ಆ ಮಾತಿನಲ್ಲಿ ಹೇಳುವವನ ಎದೆಯ ಸುದ್ದಿಯೇ ಇಲ್ಲ. ಮಾತೆಲ್ಲ ಸತ್ತವರ ಕಡೆಗೆ.

2020ರ ಏಪ್ರಿಲ್

ಈ ಪದದ ಜೊತೆ ನನಗೆ ಒಂದು ಹಳೆಯ ಲೆಕ್ಕ ಇದೆ.

ನಮ್ಮಪ್ಪ ತೀರಿಕೊಂಡದ್ದು 2020ರ ಏಪ್ರಿಲ್ ಎರಡನೇ ವಾರ, ತಿಪಟೂರಿನ ಹತ್ತಿರ ನಮ್ಮ ಹಳ್ಳಿಯಲ್ಲಿ. ಕೊರೊನಾ ಅಲ್ಲ, ವಯಸ್ಸಾಗಿತ್ತು. ನಾನು ದುಬೈನ ಕರಾಮಾದ ಫ್ಲ್ಯಾಟಿನಲ್ಲಿದ್ದೆ. ಇಂಡಿಯಾ ಮಾರ್ಚ್ ತಿಂಗಳಲ್ಲೇ ಹೊರದೇಶದ ವಿಮಾನಗಳನ್ನು ನಿಲ್ಲಿಸಿತ್ತು. ದುಬೈನಲ್ಲಿ ಏಪ್ರಿಲ್ 4ರಿಂದ ದಿನದ 24 ಗಂಟೆಯೂ ನಿರ್ಬಂಧ, ಸಾಮಾನು ತರೋಕೆ ಹೋಗಬೇಕಾದರೂ ಆನ್‌ಲೈನ್ ಪರ್ಮಿಟ್. ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ 7ಕ್ಕೆ. ದುಬೈನಿಂದ ಮಂಗಳೂರಿಗೆ ಮೊದಲನೆಯದು ಹೋದದ್ದು ಮೇ 12ಕ್ಕೆ. ಅಷ್ಟರಲ್ಲಿ ಅಪ್ಪನ ಹಾಲು-ತುಪ್ಪ, ತಿಥಿ ಎಲ್ಲ ಮುಗಿದಿತ್ತು. ತಮ್ಮ ವಿಡಿಯೋ ಕಾಲ್ ಮಾಡಿ ತೋರಿಸಿದ. ತೋಟದ ಮೂಲೆ, ನಾಲ್ಕೈದು ಜನ, ಎಲ್ಲರ ಬಾಯಿಗೂ ಬಟ್ಟೆ. ನೆಟ್‌ವರ್ಕ್ ಮಧ್ಯೆ ಮಧ್ಯೆ ನಿಲ್ಲುತ್ತಿತ್ತು.

ಫೋನ್ ಮಾತ್ರ ನಿಲ್ಲಲಿಲ್ಲ. ಆಫೀಸಿನ ಗ್ರೂಪು, ಬಿಲ್ಡಿಂಗಿನ ಗ್ರೂಪು, ಕನ್ನಡದವರ ಗ್ರೂಪು, ಕಾಲೇಜಿನ ಗ್ರೂಪು. ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್. ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್. ಕೈ ಮುಗಿದ ಚಿತ್ರ. ಮತ್ತೆ ಹಾರ್ಟ್‌ಫೆಲ್ಟ್. ಆ ಗ್ರೂಪಿನಲ್ಲೇ ಹತ್ತು ನಿಮಿಷ ಮುಂಚೆ ಯಾರೋ ಸ್ಯಾನಿಟೈಸರ್ ಎಲ್ಲಿ ಅಗ್ಗ ಅಂತ ಕೇಳಿದ್ದರು, ಹತ್ತು ನಿಮಿಷ ಆದ ಮೇಲೆ ಅದಕ್ಕೆ ಉತ್ತರವೂ ಬಂತು. ಅವರ ಮೇಲೆ ನನಗೆ ಕೋಪ ಇರಲಿಲ್ಲ. ಒಂದು ವಿಚಿತ್ರ ಅಂದರೆ, ಅಷ್ಟು ಹೃದಯಗಳು ಒಟ್ಟಿಗೆ ಬಂದರೂ ಮನೆ ಖಾಲಿಯಾಗೇ ಇತ್ತು.

ಅವತ್ತು ರಾತ್ರಿ ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟಿದರು. ಬಂಟ್ವಾಳದ ಕಡೆಯ ಬ್ಯಾರಿ ಕುಟುಂಬ. ಅಷ್ಟು ದಿನ ಲಿಫ್ಟಿನಲ್ಲಿ ಸಿಕ್ಕಾಗ ತಲೆ ಆಡಿಸುವಷ್ಟೇ ಪರಿಚಯ. ಬಾಗಿಲು ತೆಗೆದರೆ ಕೆಳಗೆ ಒಂದು ಪಾತ್ರೆ, ಅದರಲ್ಲಿ ಗಂಜಿ, ಪಕ್ಕದಲ್ಲಿ ಡಬ್ಬಿಯಲ್ಲಿ ಚಟ್ನಿ. ಅವರು ಕಾರಿಡಾರಿನ ಆ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಮಾಸ್ಕ್ ಕಟ್ಟಿಕೊಂಡು ಕೂತಿದ್ದರು. ನಾನು ಹೊಸ್ತಿಲಲ್ಲೇ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಕೇಳಿದರು: "ನಿಮ್ಮ ತಂದೆಯವರು ಎಂತ ಮಾಡ್ತಿದ್ದದ್ದು?"

ಅಷ್ಟೇ. ನಾನು ಶುರು ಮಾಡಿದೆ. ತೆಂಗಿನ ತೋಟ, ಬೋರ್‌ವೆಲ್ ಬತ್ತಿದ ವರ್ಷ, ಕೊಬ್ಬರಿ ಹಾಕೋಕೆ ಎಪಿಎಂಸಿಗೆ ಹೋದಾಗ ನನ್ನನ್ನೂ ಗಾಡಿ ಹತ್ತಿಸಿಕೊಂಡು ಹೋಗ್ತಿದ್ದದ್ದು, ನಾನು ಮೊದಲ ಸಲ ವಿಮಾನ ಹತ್ತುವಾಗ ಏರ್‌ಪೋರ್ಟಿನ ಹೊರಗೆ ನಿಂತು ಏನೂ ಮಾತಾಡದೇ ನನ್ನ ಕಾಲರ್ ಸರಿ ಮಾಡಿದ್ದು. ಒಂದು ಗಂಟೆ ಮಾತಾಡಿದೆ. ಅವರು "ಹೌದಾ", "ಮತ್ತೆ?" ಅಂತಷ್ಟೇ ಅನ್ನುತ್ತಿದ್ದರು. ಅವತ್ತು ನಾನು ಅತ್ತಿದ್ದು ಆಗಲೇ.

ಮಾತಾಡಿಸೋದು

ಆಮೇಲೆ ನಾವಿಬ್ಬರೂ ಹತ್ತಿರವಾದೆವು. ಒಂದು ದಿನ ಕೇಳಿದೆ, ನಿಮಗೆ ಹಾಗೆ ಬಂದು ಕೂತುಕೊಳ್ಳಬೇಕು ಅಂತ ಹೇಗೆ ಹೊಳೀತು ಅಂತ. ಅವರು ಹೇಳಿದ್ದು 2010ರ ಮೇ 22ರ ಕಥೆ.

ನಮ್ಮಲ್ಲಿ ಹಿರಿಯರಿಗೆ ಆ ದಿನ ಮರೆಯೋದಿಲ್ಲ. ಚಿಕ್ಕವರಿಗಾಗಿ ಹೇಳ್ತೀನಿ. ದುಬೈನಿಂದ ಮಂಗಳೂರಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಬೆಳಗ್ಗೆ ಆರರ ಸುಮಾರಿಗೆ ಬಜ್ಪೆಯಲ್ಲಿ ಇಳಿಯಿತು. ಗುಡ್ಡದ ಮೇಲಿನ ರನ್‌ವೇ. ವಿಮಾನ ಅದನ್ನು ದಾಟಿ ಕೆಳಗಿನ ಕಮರಿಗೆ ಬಿದ್ದು ಹೊತ್ತಿ ಉರಿಯಿತು. ಒಳಗೆ 166 ಜನ. ಉಳಿದವರು 8 ಜನ. ಸತ್ತ 158 ಜನರಲ್ಲಿ ಬಹಳ ಮಂದಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು. ರಜೆಗೆ, ಮದುವೆಗೆ, ಮನೆಯವರ ಸಾವಿಗೆ ಅಂತ ಊರಿಗೆ ಹೊರಟಿದ್ದ ನಮ್ಮಂಥವರು. ದೇಹಗಳನ್ನು ಗುರುತು ಹಿಡಿಯೋಕೆ ಡಿಎನ್‌ಎ ಪರೀಕ್ಷೆ ಮಾಡಬೇಕಾಯ್ತು. ಕೊನೆಗೂ ಗುರುತು ಸಿಗದ 12 ದೇಹಗಳನ್ನು ಎಲ್ಲ ಧರ್ಮದವರ ಪ್ರಾರ್ಥನೆಯ ಜೊತೆ ಒಟ್ಟಿಗೆ ಮಣ್ಣು ಮಾಡಿದರು.

ನಮ್ಮ ಪಕ್ಕದ ಮನೆಯವರ ಸಂಬಂಧಿಕರೊಬ್ಬರು ಆ ವಿಮಾನದಲ್ಲಿದ್ದರು. ಇವರು ಆಗ ರಜೆಯಲ್ಲಿ ಊರಲ್ಲೇ ಇದ್ದರಂತೆ, ವೆನ್‌ಲಾಕ್ ಆಸ್ಪತ್ರೆಗೆ ಹೋಗಿ ಕಾದರಂತೆ. "ಆಗ ಎಷ್ಟು ಮಂದಿ ಸಂತಾಪ ಹೇಳಿದ್ರು ಅಂತ ನೆನಪಿಲ್ಲ ಮಾರಾಯ್ರೆ. ಒಬ್ಬರು ಗುರುತಿಲ್ಲದವರು ಪಕ್ಕದಲ್ಲಿ ಕೂತು ಅವನ ಬಗ್ಗೆ ಕೇಳಿದ್ರು. ಅವರ ಹೆಸರು ಸಹ ಗೊತ್ತಿಲ್ಲ. ಆದ್ರೆ ಅವರದ್ದು ಮುಖ ಉಂಟು ನಂಗೆ."

ಅವರು ಹೇಳಿದ ಮೇಲೆ ನನಗೆ ನಮ್ಮೂರಿನ ಒಂದು ಮಾತು ನೆನಪಾಯ್ತು. ಅದನ್ನು ನೂರು ಸಲ ಬಳಸಿದ್ದೆ, ಒಂದು ಸಲವೂ ಅರ್ಥ ನೋಡಿರಲಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಸಂತಾಪ ಹೇಳೋಕೆ ಹೋಗ್ತೀವಿ ಅಂತ ಯಾರೂ ಅನ್ನೋಲ್ಲ. "ಅವರನ್ನ ಮಾತಾಡಿಸ್ಕೊಂಡು ಬರೋಣ" ಅಂತಾರೆ. ‘ಮಾತಾಡು’ ಬೇರೆ, ‘ಮಾತಾಡಿಸು’ ಬೇರೆ. ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಇದು ವ್ಯಾಕರಣದ ಪಾಠ: ಮಾಡು-ಮಾಡಿಸು, ಓದು-ಓದಿಸು, ಮಾತಾಡು-ಮಾತಾಡಿಸು. ‘ಇಸು’ ಸೇರಿದರೆ ಕೆಲಸ ಇನ್ನೊಬ್ಬರ ಕೈಗೆ ಹೋಗುತ್ತದೆ. ಸಾವಿನ ಮನೆಗೆ ನಾವು ಹೋಗೋದು ನಮ್ಮ ಎದೆಯಲ್ಲಿ ಏನಿದೆ ಅಂತ ಹೇಳೋಕಲ್ಲ. ಅವರ ಬಾಯಿಂದ ಮಾತು ಬರಲಿ ಅಂತ. ಯಾವಾಗ ಹೋದರು, ಕೊನೆಗೆ ಏನಂದರು, ಊಟ ಮಾಡಿದ್ದರಾ ಅಂತೆಲ್ಲ ಕೇಳ್ತೀವಿ. ಬಂದವರೆಲ್ಲ ಅದೇ ಕೇಳ್ತಾರೆ, ಮನೆಯವರು ಅದನ್ನೇ ಇಪ್ಪತ್ತು ಸಲ ಹೇಳ್ತಾರೆ. ಹೇಳ್ತಾ ಹೇಳ್ತಾ, ಆದದ್ದು ಆಗಿದೆ ಅಂತ ಅವರ ಮನಸ್ಸು ಸ್ವಲ್ಪ ಸ್ವಲ್ಪವಾಗಿ ಒಪ್ಪಿಕೊಳ್ಳುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಹುಡುಗಿಯ ಪ್ರಶ್ನೆಯೇ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ನಿನಗೆ ಏನು ಫೀಲ್ ಆಯ್ತು ಅನ್ನೋದು ಅಲ್ಲಿ ಮೊದಲ ವಿಷಯ ಅಲ್ಲವೇ ಅಲ್ಲ.

ನನ್ನ ಬೌನ್ಸ್ ಆದ ಚೆಕ್ಕು

ಇಲ್ಲಿಗೇ ನಿಲ್ಲಿಸಿದರೆ ‘ನಮ್ಮ ಕನ್ನಡ ಒಳ್ಳೇದು, ಇಂಗ್ಲಿಷ್ ಪೊಳ್ಳು’ ಅನ್ನೋ ಭಾಷಣ ಆಗುತ್ತೆ. ಅದು ಸರಿಯಲ್ಲ. ಯಾಕೆ ಅಂತ ನನ್ನದೇ ಕಥೆ ಹೇಳ್ತೀನಿ.

ಅಪ್ಪ ಹೋದ ಎರಡು ವರ್ಷಕ್ಕೆ, ಅಬುಧಾಬಿ ಆಫೀಸಿನ ನನ್ನ ಸಹೋದ್ಯೋಗಿಯೊಬ್ಬರ ಹೆಂಡತಿ ತೀರಿಕೊಂಡರು. ನಾನು ಮೀಟಿಂಗಿನಲ್ಲಿದ್ದೆ. ಮೇಜಿನ ಕೆಳಗೇ ಫೋನ್ ಹಿಡಿದು ‘ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್, ಏನಾದರೂ ಬೇಕಿದ್ದರೆ ಹೇಳಿ’ ಅಂತ ಕಳಿಸಿದೆ. ಅವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ತಿಂಗಳಾದ ಮೇಲೆ ಕ್ಯಾಂಟೀನಿನಲ್ಲಿ ಎದುರಿಗೇ ಸಿಕ್ಕರು. ನಾನು ಪ್ರಾಜೆಕ್ಟಿನ ಡೆಡ್‌ಲೈನ್ ಬಗ್ಗೆ ಮಾತಾಡಿದೆ. ಹೆಂಡತಿಯ ಸುದ್ದಿ ಎತ್ತಿದರೆ ಅವರಿಗೆ ನೋವಾಗುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಮುಜುಗರ ನನ್ನದು. ಕಾರಿಡಾರಿನ ಆ ರಾತ್ರಿಯನ್ನು ಅನುಭವಿಸಿದವನೇ ಹೀಗೆ ಮಾಡಿದೆ.

ಈಗ ಯೋಚಿಸಿ. ಆ ಮೆಸೇಜ್ ಕಳಿಸುವಾಗ ನನ್ನ ಕರುಳು ಚುರುಕ್ ಅಂದದ್ದು ನಿಜ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ. ಆದರೂ ಅದು ಪೊಳ್ಳಾಯಿತು. ಇತ್ತ ಪಕ್ಕದ ಮನೆಯವರು ನಮ್ಮಪ್ಪನನ್ನು ಕಂಡವರೇ ಅಲ್ಲ. ಪಾತ್ರೆ ಹಿಡ್ಕೊಂಡು ಬಾಗಿಲ ತನಕ ಬರುವಾಗ ಅವರಿಗೆ ಏನು ಫೀಲ್ ಆಗಿತ್ತು? ದುಃಖಕ್ಕಿಂತ ಹೆಚ್ಚಾಗಿ, ಹೋಗಬೇಕು ಅನ್ನೋ ಒಂದು ತಿಳಿವಳಿಕೆ ಇದ್ದಿರಬೇಕು. ಆದರೂ ಅದು ನಿಜವಾಯಿತು. ಹಾಗಾದರೆ ಇಂಥ ಮಾತು ನಿಜವೋ ಸುಳ್ಳೋ ಅನ್ನೋದು ಹೇಳುವ ಮುಂಚಿನ ಎದೆಯಲ್ಲಿ ತೀರ್ಮಾನ ಆಗೋದಿಲ್ಲ. ಹೇಳಿದ ಮೇಲಿನ ದಿನಗಳಲ್ಲಿ ತೀರ್ಮಾನ ಆಗುತ್ತದೆ.

ದುಬೈನಲ್ಲಿ ಬಾಡಿಗೆಗೆ ಮನೆ ಹಿಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ವರ್ಷದ ಬಾಡಿಗೆಗೆ ಮುಂದಿನ ತಾರೀಖು ಹಾಕಿದ ನಾಲ್ಕು ಚೆಕ್ ಬರೆದು ಕೊಡ್ತೀವಿ. ಬರೆಯುವ ದಿನ ಅಕೌಂಟಿನಲ್ಲಿ ಅಷ್ಟು ದುಡ್ಡು ಇರೋದಿಲ್ಲ. ಅದಕ್ಕೆ ಅದು ಮೋಸವೇ? ಅಲ್ಲ. ತಾರೀಖು ಬರುವ ಹೊತ್ತಿಗೆ ದುಡ್ಡು ಹಾಕಿರಬೇಕು, ಅಷ್ಟೇ. ‘ಹಾರ್ಟ್‌ಫೆಲ್ಟ್’ ಅನ್ನೋದು ಅಂಥ ಒಂದು ಚೆಕ್ಕು. ಬರೆದ ದಿನ ಎದೆ ಖಾಲಿ ಇದ್ದರೂ ತಪ್ಪಿಲ್ಲ. ಆಮೇಲೂ ತುಂಬದೇ ಬಿಟ್ಟರೆ ಅದು ಬೌನ್ಸ್. ನನ್ನದು ಬೌನ್ಸ್ ಆಯ್ತು.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಈ ಪ್ರಶ್ನೆಯನ್ನು ಹತ್ತಿರದಿಂದ ನೋಡಿದ್ದ. ಯಾವ ಕಾರಣಕ್ಕೂ ಸುಳ್ಳು ಹೇಳಬಾರದು ಅಂತ ಹಟ ಹಿಡಿದವನು ಅಂತ ಅವನಿಗೆ ಹೆಸರು. ಅಂಥವನೂ 1798ರಲ್ಲಿ ಪ್ರಕಟಿಸಿದ, ಮನುಷ್ಯ ಸ್ವಭಾವದ ಬಗೆಗಿನ ಪುಸ್ತಕದಲ್ಲಿ, ಸೌಜನ್ಯದ ಮಾತುಗಳಿಗೆ ಮಾತ್ರ ರಿಯಾಯಿತಿ ಕೊಡುತ್ತಾನೆ. ಅವು ಚಿಲ್ಲರೆ ಕಾಸು ಇದ್ದ ಹಾಗೆ, ಚಿನ್ನ ಅಲ್ಲ ಅಂತ ಕೊಡುವವನಿಗೂ ಗೊತ್ತು, ತಗೊಳ್ಳುವವನಿಗೂ ಗೊತ್ತು, ಹಾಗಾಗಿ ಮೋಸ ಇಲ್ಲ ಅಂತಾನೆ. ಇನ್ನೂ ಮುಂದೆ ಹೋಗಿ, ಒಳ್ಳೆಯತನದ ಪಾತ್ರ ಹಾಕ್ತಾ ಹಾಕ್ತಾ ಅದು ನಿಧಾನಕ್ಕೆ ಒಳಗೂ ಇಳಿಯುತ್ತೆ ಅಂತಾನೆ. ನನಗೆ ಅದು ಅರ್ಧ ನಿಜ ಅನ್ನಿಸುತ್ತೆ. ಎರಡು ವರ್ಷ ಹಾರ್ಟ್‌ಫೆಲ್ಟ್ ಟೈಪ್ ಮಾಡಿ ನನ್ನ ಒಳಗೆ ಏನೂ ಇಳಿಯಲಿಲ್ಲ. ಕಾಲು ಎದ್ದು ಹೋಗದಿದ್ದರೆ ಮಾತು ಒಂದೇ ಒಳಗೆ ಇಳಿಯೋದಿಲ್ಲ. ನಮ್ಮ 12ನೇ ಶತಮಾನದ ಶರಣರು ನುಡಿ, ನಡೆ ಎರಡನ್ನೂ ಜೋಡಿಸಿ ನೋಡಿದ್ದು ಸುಮ್ಮನೆ ಅಲ್ಲ.

ಕರುಳಿರೋ ಮನುಷ್ಯ

ಇದಕ್ಕೆ ದೊಡ್ಡ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಇಲ್ಲಿ ಒಬ್ಬ ಕೂಲಿ ಕಾರ್ಮಿಕ ಕ್ಯಾಂಪಿನಲ್ಲಿ ಸತ್ತರೆ ಅವನ ದೇಹ ಊರಿಗೆ ಹೋಗೋಕೆ ಎಷ್ಟು ಕಾಗದ ಬೇಕು ಗೊತ್ತಾ? ಡೆತ್ ಸರ್ಟಿಫಿಕೇಟ್, ಪೊಲೀಸರ ಪತ್ರ, ವೀಸಾ ರದ್ದು, ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು ಮತ್ತು ಎನ್‌ಒಸಿ, ಸೋನಾಪುರದಲ್ಲಿ ಎಂಬಾಮಿಂಗ್, ಆಮೇಲೆ ಕಾರ್ಗೋ ಬುಕಿಂಗ್. ಈ ಕೆಲಸಕ್ಕೆ ಅಂತಲೇ ತಮ್ಮ ರಜೆ ಹಾಕಿ ಓಡಾಡುವ ಜನ ಇದ್ದಾರೆ. ಮಲಯಾಳಿಗಳು, ತೆಲುಗರು, ನಮ್ಮ ಕನ್ನಡದವರು. ಸತ್ತವನ ಪರಿಚಯ ಅವರಿಗಿರೋಲ್ಲ, ಹೆಸರನ್ನೂ ಪಾಸ್‌ಪೋರ್ಟ್ ನೋಡಿಯೇ ತಿಳ್ಕೊಳ್ತಾರೆ. ಅವರು ಕೌಂಟರಿನ ಮುಂದೆ ಅಳ್ತಾ ನಿಂತಿರೋಲ್ಲ, ಟೋಕನ್ ನಂಬರ್ ನೋಡ್ತಾ ನಿಂತಿರ್ತಾರೆ.

ಅವರ ಬಗ್ಗೆ ಕನ್ನಡದಲ್ಲಿ ಏನು ಅಂತೀವಿ? "ಕರುಳಿರೋ ಮನುಷ್ಯ ಕಣಯ್ಯಾ" ಅಂತೀವಿ.

ಈ ಮಾತಿನಲ್ಲಿ ಒಂದು ಸೊಗಸಿದೆ. "ನಾನು ಕರುಳಿರೋ ಮನುಷ್ಯ" ಅಂತ ನನ್ನ ಬಗ್ಗೆ ನಾನೇ ಹೇಳ್ಕೊಂಡರೆ ಕೇಳಿದವರು ನಗ್ತಾರೆ. ಅದನ್ನು ಬೇರೆಯವರು ಹೇಳಬೇಕು, ಅದೂ ಕೆಲಸ ನೋಡಿದ ಮೇಲೆ. ಹಾರ್ಟ್‌ಫೆಲ್ಟ್ ಪದದ ತೊಂದರೆ ಅದರ ಅರ್ಥದಲ್ಲಿ ಇಲ್ಲ, ಅದನ್ನು ಹಚ್ಚುವ ಕೈಯಲ್ಲಿದೆ. ನನ್ನ ಮಾತಿಗೆ ನಾನೇ ಮುದ್ರೆ ಒತ್ತಿಕೊಳ್ತೀನಿ. ಒತ್ತಬೇಕಾದವರು ಎದುರಿಗೆ ಕೂತಿರುವವರು.

ಹಾಗಂತ ಆ ಪದ ಬಿಟ್ಟುಬಿಡಿ ಅಂತ ನಾನು ಹೇಳೋಲ್ಲ. ಪರದೇಶದಲ್ಲಿ ಇರೋರಿಗೆ ಎಷ್ಟೋ ಸಲ ಹೋಗಿ ಕೂರೋ ದಾರಿಯೇ ಇರೋದಿಲ್ಲ, ಮೆಸೇಜೇ ಗತಿ. ಸುಳ್ಳಾಗಬಾರದು ಅಂತ ಏನೂ ಬರೆಯದೇ ಕೂತರೆ ನಾವು ಪ್ರಾಮಾಣಿಕರು ಅನ್ನೋ ಸಮಾಧಾನ ನಮಗೆ ಸಿಗಬಹುದು. ಆ ಕಡೆಯವರಿಗೆ ಸಿಗೋದು ಮೌನ. ಅಪ್ಪ ಹೋದಾಗ ಒಂದು ಸಾಲೂ ಬರೆಯದವರು ಯಾರು ಅಂತಲೂ ನನಗೆ ನೆನಪಿದೆ, ಅದು ನನ್ನ ಸಣ್ಣತನ ಇರಬಹುದು.

ಮೆಸೇಜು

ಮಾರನೇ ದಿನ ಹುಡುಗಿಗೆ ಫೋನ್ ಮಾಡಿದೆ. "ನಿನ್ನ ಪ್ರಶ್ನೆ ಸರಿ ಇತ್ತಮ್ಮ, ನನ್ನ ಉತ್ತರ ಸರಿ ಇರಲಿಲ್ಲ. ಇನ್ನೂ ಬರೆದಿಲ್ಲ ಅಂದ್ರೆ ಆ ಪದ ಬಿಡು. ಮಾವನಿಗೆ ಅಜ್ಜಿ ಬಗ್ಗೆ ಏನಾದ್ರೂ ಕೇಳು" ಅಂದೆ.

"ಏನು ಕೇಳಲಿ?"

"ನಿಂಗೆ ಅಜ್ಜಿ ಬಗ್ಗೆ ಏನು ನೆನಪಿದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಂಗೆ ಏನೋ ತಿನ್ನೋಕೆ ಕೊಟ್ರು. ಬಿಳೀದು, ಉಂಡೆ. ತುಂಬಾ ಗಟ್ಟಿ ಇತ್ತು. ಎಲ್ರೂ ನಕ್ರು."

ಅದನ್ನೇ ಬರಿ ಅಂದೆ. ಅವಳು ಬರೆದಳು, ಕಾಗುಣಿತದ ಎರಡು ತಪ್ಪು ಸಮೇತ: ‘ಮಾವ, ಅಜ್ಜಿ ನಂಗೆ ಒಂದು ಗಟ್ಟಿ ಉಂಡೆ ಕೊಟ್ಟಿದ್ರು. ಅದು ಏನು?’

ಐದು ನಿಮಿಷಕ್ಕೆ ಮಾವನ ಕಾಲ್ ಬಂತಂತೆ. ತಂಬಿಟ್ಟು ಅಂತ ಹೇಳಿದರಂತೆ. ಅಮ್ಮ ಅದನ್ನು ಹೇಗೆ ಮಾಡುತ್ತಿದ್ದರು, ಪಾಕ ಯಾವತ್ತೂ ಯಾಕೆ ಗಟ್ಟಿಯಾಗುತ್ತಿತ್ತು, ಅದಕ್ಕೆ ಮನೆಯಲ್ಲಿ ಎಲ್ಲರೂ ಹೇಗೆ ರೇಗಿಸುತ್ತಿದ್ದರು ಅಂತ ಶುರು ಮಾಡಿದವರು ಮುಕ್ಕಾಲು ಗಂಟೆ ಮಾತಾಡಿದರಂತೆ. ಮಧ್ಯದಲ್ಲಿ ಅತ್ತರಂತೆ.

"ಅಂಕಲ್, ಮಾವ ಅಳುವಾಗ ನಂಗೂ ಫೀಲ್ ಆಯ್ತು" ಅಂದಳು.

ನಾನೂ ಒಂದು ಕೆಲಸ ಮಾಡಿದೆ. ಅಬುಧಾಬಿಯ ಆ ಸಹೋದ್ಯೋಗಿ ಈಗ ಬೇರೆ ಕಂಪನಿಯಲ್ಲಿದ್ದಾರೆ. ತಡವಾಗಿತ್ತು, ಬಹಳ ತಡ. ಆದರೂ ಕಾಲ್ ಮಾಡಿ ಅವರ ಹೆಂಡತಿಯ ಬಗ್ಗೆ ಕೇಳಿದೆ. ಈ ಶುಕ್ರವಾರ ಸಂಜೆ ಅವರ ಮನೆಗೆ ಹೋಗ್ತಿದ್ದೀನಿ, ಮಾತಾಡಿಸ್ಕೊಂಡು ಬರೋಕೆ.

ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಇಂಥ ಹೊತ್ತಿಗೆ ಏನು ಹೇಳ್ತಾರೆ? ಅಜ್ಜಿ, ತಾತ ಇದ್ದರೆ ಕೇಳಿ ನೋಡಿ. ಆ ನೆಪದಲ್ಲಿ ಅವರನ್ನೂ ಮಾತಾಡಿಸಿದ ಹಾಗಾಗುತ್ತೆ.